ಸಂಗ್ರಹವೋ, ಸಂಗ್ರಹಣೆಯೋ? ಫೋನಿನ ಕನ್ನಡವನ್ನು ಕುರಿತು

ಪುಸ್ತಕ ವಿಮರ್ಶೆಗೆಂದು ಮೀಸಲಾದ ಈ ಪುಟಗಳಲ್ಲಿ ಈ ತಿಂಗಳು ನಾವು ಪುಸ್ತಕವಲ್ಲದ ಒಂದು ಬರೆಹವನ್ನು ಎತ್ತಿಕೊಂಡಿದ್ದೇವೆ. ಅದಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿಯಿಲ್ಲ, ಅಭಿಪ್ರಾಯಕ್ಕೆಂದು ಯಾರೂ ನಮಗೆ ಪ್ರತಿಯನ್ನು ಕಳಿಸಿಕೊಟ್ಟಿಲ್ಲ. ಆದರೆ ನಮ್ಮ ಓದುಗರಲ್ಲಿ ಅನೇಕರ ಜೇಬಿನಲ್ಲಿ, ಚೀಲದಲ್ಲಿ, ದಿಂಬಿನ ಪಕ್ಕದಲ್ಲಿ ಅದು ಇದ್ದೇ ಇದೆ. ಸ್ಮಾರ್ಟ್‌ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡಾಗ ಪರದೆಯ ಮೇಲೆ ಮೂಡುವ ಕನ್ನಡ, ಅದರಲ್ಲೂ ‘ಸೆಟ್ಟಿಂಗ್‌ಗಳು’ ಎಂಬ ಬಾಗಿಲನ್ನು ತೆರೆದು ಒಳಹೊಕ್ಕರೆ ಕಾಣುವ ಕನ್ನಡ, ಇಲ್ಲಿ ನಮ್ಮ ವಿಮರ್ಶೆಯ ವಸ್ತು.

ಇದೇನು ಸಾಹಿತ್ಯವೇ ಎಂದು ಕೇಳುವವರಿರಬಹುದು. ಅಲ್ಲ, ಒಪ್ಪುತ್ತೇವೆ. ಆದರೆ ಔಷಧದ ಸೀಸೆಯ ಮೇಲಿನ ಚೀಟಿಯೂ ಸಾಹಿತ್ಯವಲ್ಲ. ಅದನ್ನು ಬರೆಯುವವನು ‘ಕುಡಿಯಲು’ ಎಂಬುದಕ್ಕೂ ‘ಹಚ್ಚಲು’ ಎಂಬುದಕ್ಕೂ ಒಂದೇ ಮಾತನ್ನು ಬಳಸಿದರೆ ಏನಾದೀತು? ಬರೆದದ್ದನ್ನು ನಂಬಿ ಜನ ಒಂದು ಕೆಲಸಕ್ಕೆ ಕೈಹಾಕುತ್ತಾರೆಂದ ಮೇಲೆ ಆ ಬರೆಹವನ್ನು ತೂಗಿ ನೋಡುವುದು ತಪ್ಪಲ್ಲ. ಅಲ್ಲದೆ ಈ ಲೇಖನ ಬರೆಯುವುದಕ್ಕೆ ನಮಗೆ ಒಂದು ಋಣವೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಡೊಂಬಿವಲಿಯಲ್ಲಿರುವ ಹಿರಿಯ ಸದಸ್ಯೆಯೊಬ್ಬರನ್ನು ನಾವೆಲ್ಲ ‘ಕಾಕು’ ಎಂದೇ ಕರೆಯುವುದು. ಧಾರವಾಡದ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದು ಐವತ್ತು ವರ್ಷ ದಾಟಿದೆ. ತಮ್ಮ ತಾಯಿ ಮತ್ತು ಅತ್ತೆ ಹಾಡುತ್ತಿದ್ದ ಆರತಿ ಹಾಡು, ಉರುಟಣೆ ಹಾಡು, ತೊಟ್ಟಿಲ ಹಾಡು, ಬೀಸುವಾಗ ಹಾಡುತ್ತಿದ್ದವು, ಹೀಗೆ ನೆನಪಿಗೆ ಬಂದಬಂದಂತೆ ಅವರು ಫೋನಿನಲ್ಲಿ ಬರೆದಿಡುತ್ತಿದ್ದರು. ಟಿಪ್ಪಣಿ ಬರೆದಿಡುವುದಕ್ಕೆಂದೇ ಇರುವ ಒಂದು ಆ್ಯಪನ್ನು ಮೊಮ್ಮಗ ಹಾಕಿಕೊಟ್ಟಿದ್ದ. ಒಂದೊಂದೇ ಅಕ್ಷರವನ್ನು ಬೆರಳಿನಿಂದ ಒತ್ತಿ ಒತ್ತಿ ಮೂರು ವರ್ಷದಲ್ಲಿ ನೂರಕ್ಕೂ ಮೇಲ್ಪಟ್ಟು ಹಾಡುಗಳು ಅಲ್ಲಿ ಸೇರಿದ್ದವು. ಮಹಿಳಾ ವಿಭಾಗದವರು ಅವನ್ನು ಪುಸ್ತಕವಾಗಿ ತರುವ ಮಾತನ್ನೂ ಆಡುತ್ತಿದ್ದರು.

ಒಂದು ಮಧ್ಯಾಹ್ನ ಕಾಕು ಅವರ ಫೋನು ಬಂತು. “ಹಾಡಿಂದು ತೆರೀಲಿಕ್ಕೇ ಒಲ್ಲದಪಾ. ಪ್ರತಿಕ್ರಿಯಿಸುತ್ತಿಲ್ಲ ಅಂತದ. ಏನು ಮಾಡ್ಲಿ?”

ನಮ್ಮ ಸಂಘದಲ್ಲಿ ಇಂಥ ವೈದ್ಯಕ್ಕೆ ನಾವು ಸ್ವಲ್ಪ ಹೆಸರಾದವರು. ಫೋನನ್ನು ಪೂರ್ತಿ ಆರಿಸಿ ಮತ್ತೆ ಹಾಕಲು ಹೇಳಿದೆವು. ಹಾಗೆ ಮಾಡಿ ಮತ್ತೆ ಕರೆ ಮಾಡಿದರು. ರೋಗ ಹಾಗೆಯೇ ಇತ್ತು. ಸರಿ, ಸ್ಪೀಕರ್ ಹಾಕಿಕೊಳ್ಳಿ ಎಂದು ಹೇಳಿ, ಸೆಟ್ಟಿಂಗ್‌ಗಳು, ಆ್ಯಪ್‌ಗಳು, ಆ ಆ್ಯಪಿನ ಹೆಸರು, ಹೀಗೆ ಒಂದೊಂದೇ ಮೆಟ್ಟಿಲು ಇಳಿಸಿ ಕರೆದುಕೊಂಡು ಹೋದೆವು. ಕೊನೆಗೆ, “ಅಲ್ಲೆ ಸಂಗ್ರಹ ತೆರವುಗೊಳಿಸಿ ಅಂತ ಇರ್ತದ ನೋಡ್ರಿ ಕಾಕೂ, ಅದನ್ನ ಒತ್ರಿ” ಎಂದೆವು.

“ಹೂಂ, ಅದ. ಒತ್ತಿದೆ. ಏನೋ ದೊಡ್ಡದಾಗಿ ಬರದು ಕೇಳ್ಲಿಕ್ಕೆ ಹತ್ತೇದ. ಓದ್ಲೇನು?”

“ಬ್ಯಾಡ ಬಿಡ್ರಿ. ಸರಿ ಅಂತ ಇದ್ದದ್ದು ಒತ್ರಿ.”

ಒತ್ತಿದರು. ಆ್ಯಪು ಆ ಕ್ಷಣವೇ ತೆರೆದುಕೊಂಡಿತು. “ಭಾಳ ಶ್ಯಾಣ್ಯಾ ಇದ್ದೀ ನೋಡು” ಎಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, “ಆದ್ರ ಇದರಾಗ ಏನೂ ಇಲ್ಲಲ್ಲೋ.”

ಅವರು ಒತ್ತಿದ್ದು ‘ಸಂಗ್ರಹ ತೆರವುಗೊಳಿಸಿ’ ಎಂಬುದನ್ನಲ್ಲ, ಅದರ ಪಕ್ಕದಲ್ಲೇ ಇದ್ದ ‘ಸಂಗ್ರಹಣೆ ತೆರವುಗೊಳಿಸಿ’ ಎಂಬುದನ್ನು.

ತಪ್ಪು ನಮ್ಮದು. ‘ಓದ್ಲೇನು’ ಎಂದು ಕೇಳಿದವರಿಗೆ ‘ಬ್ಯಾಡ’ ಎಂದವರು ನಾವು. ಆ ದೊಡ್ಡ ಬರೆಹದಲ್ಲಿ ಎಲ್ಲವೂ ಶಾಶ್ವತವಾಗಿ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆಯೂ ಇತ್ತು. ಮೊಮ್ಮಗ ಬಂದು ನೋಡಿದ. ಹಾಡುಗಳ ನಕಲು ಬೇರೆ ಯಾವ ಕಡೆಯೂ ಇರಲಿಲ್ಲ. ಯಾವ ಕಂಪನಿಯ ಫೋನು, ಯಾರ ಆ್ಯಪು ಎಂಬುದನ್ನು ಇಲ್ಲಿ ಹೇಳುವ ಅಗತ್ಯ ನಮಗೆ ಕಾಣುವುದಿಲ್ಲ. ಆದರೆ ತಪ್ಪನ್ನು ಒಪ್ಪಿಕೊಂಡ ಮೇಲೂ ಆ ಎರಡು ಗುಂಡಿಗಳು ನಮ್ಮನ್ನು ಬಿಡಲಿಲ್ಲ. ಒಂದು ‘ಣೆ’ಯ ಅಂತರದಲ್ಲಿ ಒಂದು ಮನೆತನದ ಹಾಡುಗಳು ಹೋದವು. ಫೋನಿನ ಕನ್ನಡವನ್ನು ನಾವು ಗಮನವಿಟ್ಟು ಓದಲು ತೊಡಗಿದ್ದು ಅಂದಿನಿಂದ. ನಮ್ಮದು, ನೆರೆಮನೆಯವರದು, ಸಂಘದ ಮಿತ್ರರದು ಎಂದು ಆರೇಳು ಫೋನುಗಳನ್ನು ಕೇಳಿ ಪಡೆದು ನೋಡಿದೆವು. ಫೋನಿನಿಂದ ಫೋನಿಗೆ, ವರ್ಷದಿಂದ ವರ್ಷಕ್ಕೆ ಮಾತುಗಳು ಸ್ವಲ್ಪ ಬದಲಾಗುತ್ತವೆ. ಆದ್ದರಿಂದ ನಾವು ಇಲ್ಲಿ ಎತ್ತಿ ತೋರಿಸುವ ಪದ ನಿಮ್ಮ ಪರದೆಯ ಮೇಲೆ ಬೇರೆ ರೂಪದಲ್ಲಿ ಇದ್ದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಮೊದಲು ಆ ಎರಡು ಪದಗಳ ವಿಚಾರವನ್ನೇ ನೋಡೋಣ. ಪ್ರತಿಯೊಂದು ಆ್ಯಪೂ ತನ್ನ ಕೆಲಸ ಬೇಗ ಸಾಗಲೆಂದು, ಮತ್ತೆ ಮತ್ತೆ ಬೇಕಾಗುವ ಚಿತ್ರ, ಪುಟ ಮೊದಲಾದವುಗಳ ನಕಲನ್ನು ಕೈಗೆಟಕುವಂತೆ ಒಂದು ಕಡೆ ಇಟ್ಟುಕೊಂಡಿರುತ್ತದೆ. ಇದನ್ನು ಅಳಿಸಿದರೆ ನಷ್ಟವೇನೂ ಇಲ್ಲ; ಬೇಕಾದಾಗ ಆ್ಯಪು ಮತ್ತೆ ತಂದುಕೊಳ್ಳುತ್ತದೆ, ಒಂದೆರಡು ಸಲ ನಿಧಾನವಾದೀತು ಅಷ್ಟೆ. ಈ ನಕಲುಗಳು ಕೆಟ್ಟು ಆ್ಯಪು ತೊಡಕಿಕೊಳ್ಳುವುದುಂಟು. ಆದ್ದರಿಂದಲೇ ಇದನ್ನು ಅಳಿಸಿ ನೋಡಿ ಎಂದು ಹೇಳುವ ವಾಡಿಕೆ. ಇನ್ನೊಂದರಲ್ಲಿ ಇರುವುದು ಬಳಸುವವರ ಸ್ವಂತ ಆಸ್ತಿ: ಬರೆದಿಟ್ಟದ್ದು, ಖಾತೆಯ ಗುರುತು, ಮಾಡಿಕೊಂಡ ಏರ್ಪಾಡುಗಳು. ಅದನ್ನು ಅಳಿಸಿದರೆ ಆ್ಯಪು ಈಗ ತಾನೇ ಹಾಕಿದಂತೆ ಕೋರಾ ಆಗುತ್ತದೆ. ಕಂಪನಿಯ ಕಂಪ್ಯೂಟರಿನಲ್ಲಿ ನಕಲು ಇರುವಂಥ ಆ್ಯಪಾದರೆ ಮತ್ತೆ ಹೆಸರು, ಗುಪ್ತಪದ ಕೊಟ್ಟು ಒಳಹೊಕ್ಕಾಗ ಎಲ್ಲ ಮರಳಿ ಬರುತ್ತದೆ. ಫೋನಿನಲ್ಲಿ ಮಾತ್ರ ಇಟ್ಟುಕೊಂಡದ್ದಾದರೆ ಹೋದದ್ದು ಹೋಯಿತು.

ಇಷ್ಟು ದೂರ ಇರುವ ಎರಡು ವಸ್ತುಗಳಿಗೆ ಅನುವಾದಕರು ‘ಸಂಗ್ರಹ’, ‘ಸಂಗ್ರಹಣೆ’ ಎಂದು ಹೆಸರಿಟ್ಟರು. ಎರಡೂ ಒಂದೇ ಧಾತುವಿನ ಮಕ್ಕಳು. ಬರೆದಾಗ ಒಂದಕ್ಷರದ ವ್ಯತ್ಯಾಸ, ಫೋನಿನಲ್ಲಿ ಮಾತಾಡುವಾಗ ಅದೂ ಇಲ್ಲ. ಅದಿರಲಿ, ಕನ್ನಡದಲ್ಲಿ ಈ ಪದಗಳಿಗೆ ಈಗಾಗಲೇ ಇರುವ ಅರ್ಥವನ್ನಾದರೂ ನೋಡಬಹುದಿತ್ತಲ್ಲ? ನಾವು ಕವನ ಸಂಗ್ರಹ ಎನ್ನುತ್ತೇವೆ, ಕಥಾ ಸಂಗ್ರಹ ಎನ್ನುತ್ತೇವೆ. ಸಂಗ್ರಹವೆಂದರೆ ಆಯ್ದು ಜೋಪಾನ ಮಾಡಿಟ್ಟದ್ದು. ಸಂಗ್ರಹಣೆಯೆಂದರೆ ಕೂಡಿಸುವ ಕೆಲಸ; ನಿಧಿ ಸಂಗ್ರಹಣೆ, ಮಾಹಿತಿ ಸಂಗ್ರಹಣೆ. ಆ ಲೆಕ್ಕದಲ್ಲಿ ಕಾಕು ಅವರ ಹಾಡುಗಳು ‘ಸಂಗ್ರಹ’ವಾಗಬೇಕು. ಫೋನಿನ ಕನ್ನಡದಲ್ಲಾದರೆ ಸಂಗ್ರಹವೆಂದರೆ ಕಸ, ನಿರ್ಭಯವಾಗಿ ಗುಡಿಸಿಹಾಕಬಹುದಾದದ್ದು! ಕನ್ನಡವನ್ನು ಚೆನ್ನಾಗಿ ಬಲ್ಲವರೇ ಇಲ್ಲಿ ಹೆಚ್ಚಾಗಿ ಎಡವುತ್ತಾರೆ.

ಈ ತೊಡಕು ಯಾರ ಗಮನಕ್ಕೋ ಬಂದಿರಬೇಕು. ಈಚಿನ ಕೆಲವು ಫೋನುಗಳಲ್ಲಿ ‘ಸಂಗ್ರಹ’ವನ್ನು ಬಿಟ್ಟು ಇಂಗ್ಲಿಷಿನ ಪದವನ್ನೇ ಕನ್ನಡ ಲಿಪಿಯಲ್ಲಿ ‘ಕ್ಯಾಷ್’ ಎಂದು ಬರೆದಿದ್ದಾರೆ. ಕನ್ನಡಿಗರಿಗೆ ಒಂದೇ ಒಂದು ಕ್ಯಾಷು ಗೊತ್ತು. ಅದು ಉಡುಪಿ ಹೋಟೆಲಿನ ಗಲ್ಲಾದಲ್ಲಿರುತ್ತದೆ. ಬ್ಯಾಂಕಿನ ಆ್ಯಪಿನ ಪುಟದಲ್ಲಿ ‘ಕ್ಯಾಷ್ ತೆರವುಗೊಳಿಸಿ’ ಎಂಬುದನ್ನು ಓದಿದ ನಿವೃತ್ತ ಗುಮಾಸ್ತರೊಬ್ಬರು ಫೋನನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಲ್ಲಿ ಅದನ್ನು ಒತ್ತಿದರೆ ಖಾತೆಯ ಒಂದು ಪೈಸೆಯೂ ಅಲುಗುವುದಿಲ್ಲ ಎಂದು ನಂಬಿಸಲು ನಮಗೆ ಒಂದು ಚಹಾದ ಹೊತ್ತು ಹಿಡಿಯಿತು.

ಈ ಕನ್ನಡದ ಮುಖ್ಯ ದೋಷವೆಂದು ನಮಗೆ ತೋರುವುದು ಇದು: ಇಲ್ಲಿ ನಿರಪಾಯವಾದ ಕೆಲಸಕ್ಕೆ ಭಯಂಕರವಾದ ಹೆಸರಿದೆ, ಅಪಾಯದ ಕೆಲಸಕ್ಕೆ ಸೌಮ್ಯವಾದ ಹೆಸರಿದೆ. ‘ಬಲವಂತವಾಗಿ ನಿಲ್ಲಿಸಿ’ ಎಂಬ ಗುಂಡಿಯನ್ನು ನೋಡಿ. ಇದನ್ನು ಒತ್ತಿದರೆ ಓಡುತ್ತಿರುವ ಆ್ಯಪು ನಿಲ್ಲುತ್ತದೆ. ಒಳಗಿನ ಆಸ್ತಿಗೆ ಧಕ್ಕೆಯಿಲ್ಲ, ಮತ್ತೆ ತೆರೆದರೆ ಮತ್ತೆ ನಡೆಯುತ್ತದೆ. ಆಗ ತಾನೇ ಬರೆಯುತ್ತಿದ್ದು ಇನ್ನೂ ಉಳಿಸಿಕೊಳ್ಳದ ನಾಲ್ಕು ಸಾಲು ಹೋಗಬಹುದು. ನೆನಪಿಡಬೇಕಾದ ಇನ್ನೊಂದು ಮಾತೆಂದರೆ, ಹೀಗೆ ನಿಲ್ಲಿಸಿದ ಆ್ಯಪು ನಾವು ಮತ್ತೆ ಕೈಯಾರೆ ತೆರೆಯುವವರೆಗೂ ಸುಮ್ಮನಿರುತ್ತದೆ. ಗಡಿಯಾರದ ಆ್ಯಪನ್ನು ನಿಲ್ಲಿಸಿ ಮಲಗಿದರೆ ಬೆಳಗಿನ ಅಲಾರಂ ಹೊಡೆಯದಿರಬಹುದು, 6-10ರ ಲೋಕಲ್ ತಪ್ಪಬಹುದು. ಅಷ್ಟಕ್ಕೆ ‘ಬಲವಂತ’! ಆ ಮಾತನ್ನು ಓದಿದ ಹೆಂಗಸರು ಹಿಂದೆ ಸರಿಯುತ್ತಾರೆ. ಅವರಿಗೆ ಬಲವಂತವೆಂದರೆ ಒಳ್ಳೆಯ ಮಾತಲ್ಲ. ಪಕ್ಕದಲ್ಲೇ ‘ತೆರವುಗೊಳಿಸಿ’ ಎಂಬುದು ಊಟವಾದ ಮೇಲೆ ಎಲೆ ತೆಗೆಯುವಷ್ಟು ಸಾಧುವಾಗಿ ಕುಳಿತಿದೆ.

‘ಮರುಹೊಂದಿಸಿ’ ಎಂಬುದು ಇದಕ್ಕಿಂತಲೂ ಸಾಧು. ಕಪಾಟಿನ ಪುಸ್ತಕಗಳನ್ನು ಮತ್ತೊಮ್ಮೆ ಓರಣವಾಗಿ ಜೋಡಿಸಿದಂಥ ಮಾತು. ಈ ಒಂದೇ ಪದ ಮೂರು ಬೇರೆ ಬೇರೆ ಕೆಲಸಗಳಿಗೆ ಇದೆ. ಸಂಪರ್ಕದ ಏರ್ಪಾಡುಗಳನ್ನು ಮರುಹೊಂದಿಸಿದರೆ ವೈ-ಫೈ ಗುಪ್ತಪದಗಳು, ಬ್ಲೂಟೂತಿಗೆ ಜೋಡಿಸಿಕೊಂಡ ಕಿವಿಯ ಯಂತ್ರ, ಸ್ಪೀಕರು ಮೊದಲಾದವು ಮರೆತುಹೋಗುತ್ತವೆ. ಚಿತ್ರಗಳಿಗೆ, ಬರೆಹಗಳಿಗೆ ಏನೂ ಆಗುವುದಿಲ್ಲ. ಆ್ಯಪುಗಳ ಆಯ್ಕೆಗಳನ್ನು ಮರುಹೊಂದಿಸಿದರೆ ಇನ್ನೂ ಕಡಿಮೆ. ಯಾವ ಕೆಲಸಕ್ಕೆ ಯಾವ ಆ್ಯಪು ಎಂದು ಗೊತ್ತುಮಾಡಿದ್ದು, ಆರಿಸಿಟ್ಟ ಸೂಚನೆಗಳು, ಇಂಥವು ಮೊದಲಿನಂತಾಗುತ್ತವೆ. ಮೂರನೆಯದು ಫೋನನ್ನು ಕಾರಖಾನೆಯಿಂದ ಬಂದ ಸ್ಥಿತಿಗೆ ಒಯ್ಯುವುದು, ಎಂದರೆ ಅದರಲ್ಲಿದ್ದದ್ದೆಲ್ಲ ಹೋಗುವುದು. ಮೊದಲ ಎರಡರಿಂದ ಗುಣ ಕಂಡವರು ಮೂರನೆಯದನ್ನೂ ಅದೇ ಧೈರ್ಯದಿಂದ ಒತ್ತುವುದು ಸಹಜವಲ್ಲವೇ? ಈಚಿನ ಫೋನುಗಳಲ್ಲಿ ಈ ಮೂರನೆಯದಕ್ಕೆ ಎಲ್ಲ ಡೇಟಾವನ್ನು ‘ಅಳಿಸಿ’ ಎಂದು ನೇರವಾಗಿ ಬರೆದಿರುವುದನ್ನು ಕಂಡೆವು. ಅಳಿಸು ಎಂಬುದು ಹಲಗೆ ಬಳಪದ ಕಾಲದಿಂದ ನಮಗೆ ಬಂದ ಮಾತು, ಅದರ ಅರ್ಥವನ್ನು ಯಾರೂ ಯಾರಿಗೂ ಹೇಳಿಕೊಡಬೇಕಾದ್ದಿಲ್ಲ. ಇದೊಂದು ತಿದ್ದುಪಡಿಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಅಲ್ಲಿ ಬಂದ ಬುದ್ಧಿ ಸಂಗ್ರಹಣೆಯ ಗುಂಡಿಗೆ ಬರಲು ಏಕೆ ತಡ?

‘ಅಧಿಸೂಚನೆಗಳು’ ಎಂಬ ಪದವನ್ನು ಕಂಡಾಗ ನಮಗೆ ನಗುವೇ ಬರುತ್ತದೆ. ಅಧಿಸೂಚನೆಯನ್ನು ಹೊರಡಿಸುವುದು ಸರಕಾರ. ಅದು ಬರುವುದು ರಾಜ್ಯಪತ್ರದಲ್ಲಿ. ಬಂದರೆ ಊರಿನ ಜಮೀನಿನ ಮೇಲೆ ರಸ್ತೆಯೋ ಕಾರಖಾನೆಯೋ ಬರುತ್ತದೆಂದು ಅರ್ಥ. ಮಗಳು ಕಳಿಸಿದ ಮೊಮ್ಮಗುವಿನ ಚಿತ್ರ ಬಂದಿದೆ ಎಂದು ಫೋನು ಟಿಣ್ ಎನ್ನುವುದಕ್ಕೂ ಅಧಿಸೂಚನೆಯೇ? ಸೂಚನೆ ಎಂದಿದ್ದರೆ ಸಾಲದೇ? ‘ಅಧಿ’ ಸೇರಿಸಿದ್ದರಿಂದ ಕೂಡಿಬಂದದ್ದು ಅಧಿಕಾರದ ವಾಸನೆಯೊಂದೇ. ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬುದೂ ಹಾಗೆಯೇ. ಬೆರಳಿನಿಂದ ಮುಟ್ಟಿದ್ದಕ್ಕೆ ಸುಮಾರು 5 ಸೆಕೆಂಡಿನೊಳಗೆ ಆ್ಯಪು ಓಗೊಡದಿದ್ದರೆ ಈ ಮಾತು ಮೂಡುತ್ತದೆ, ಕೆಳಗೆ ಕಾಯಬೇಕೋ ಮುಚ್ಚಬೇಕೋ ಎಂಬ ಪ್ರಶ್ನೆ. ನಮ್ಮಲ್ಲಿ ಪ್ರತಿಕ್ರಿಯಿಸದಿರುವುದು ಆಸ್ಪತ್ರೆಯಲ್ಲಿ ಮಲಗಿದ ರೋಗಿ ಮಾತ್ರ. ‘ಉತ್ತರ ಕೊಡುತ್ತಿಲ್ಲ’ ಎಂದಿದ್ದರೆ ಕಾಕು ಅಷ್ಟು ಗಾಬರಿಯಾಗಿ ನಮಗೆ ಫೋನು ಮಾಡುತ್ತಿದ್ದರೋ ಇಲ್ಲವೋ. ಸ್ವಲ್ಪ ಕಾದು ನೋಡುತ್ತಿದ್ದರೇನೋ.

ಇವೆಲ್ಲ ನಗೆಯ ಮಾತಾಯಿತು. ‘ಪ್ರವೇಶಿಸುವಿಕೆ’ ಎಂಬುದನ್ನು ಮಾತ್ರ ನಗೆಯಾಗಿ ತೆಗೆದುಕೊಳ್ಳಲು ನಮಗೆ ಮನಸ್ಸು ಬರುವುದಿಲ್ಲ. ಕಣ್ಣು ಮಂಜಾದವರಿಗೆ ಅಕ್ಷರ ಮತ್ತು ಚಿತ್ರಗಳನ್ನು ಹಿಗ್ಗಿಸಿ ತೋರಿಸುವುದು, ಕಾಣದವರಿಗೆ ಪರದೆಯನ್ನು ಓದಿ ಹೇಳುವುದು, ಕಿವಿ ಮಂದವಾದವರಿಗೆ ಮಾತನ್ನು ಅಕ್ಷರದಲ್ಲಿ ಮೂಡಿಸುವುದು, ನಡುಗುವ ಕೈಗೆ ಒತ್ತುವ ಹೊತ್ತನ್ನು ಹೆಚ್ಚಿಸಿಕೊಡುವುದು, ಇವೆಲ್ಲ ಸೌಕರ್ಯಗಳು ಇರುವುದು ಈ ಬಾಗಿಲಿನ ಹಿಂದೆ. ಫೋನಿನಲ್ಲಿ ವಯಸ್ಸಾದವರಿಗೆ ಅತ್ಯಂತ ಬೇಕಾದ ಕೋಣೆ ಇದೇ. ಅದರ ಬಾಗಿಲ ಮೇಲೆ ‘ಪ್ರವೇಶಿಸುವಿಕೆ’ ಎಂದು ಬರೆದಿದ್ದರೆ ಯಾವ ಅಜ್ಜ ಒಳಗೆ ಹೋದಾನು? ಎಲ್ಲಿಗೆ ಪ್ರವೇಶ, ಯಾರಿಗೆ ಪ್ರವೇಶ? ಇಂಗ್ಲಿಷಿನ ಒಂದು ಪದವನ್ನು ಕೋಶದಲ್ಲಿ ಹುಡುಕಿ, ಅದರ ಮೊದಲ ಅರ್ಥವನ್ನು ಕಿತ್ತು ತಂದು, ಬಾಲಕ್ಕೆ ‘ವಿಕೆ’ ಕಟ್ಟಿದ್ದಾರೆ. ಬೇರೆ ಫೋನುಗಳಲ್ಲಿ ಇದನ್ನೂ ಬಿಟ್ಟು ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆದಿದ್ದಾರೆ. ಅಜ್ಜನಿಗೆ ಅದರಿಂದಲೂ ಉಪಕಾರವಿಲ್ಲ. ‘ಕಣ್ಣು, ಕಿವಿ, ಕೈಗೆ ನೆರವು’ ಎಂದು ಬರೆದಿದ್ದರೆ ಏನು ಕೊರತೆಯಾಗುತ್ತಿತ್ತು? ನಾವು ಕೇಳಿ ಪಡೆದು ನೋಡಿದ ಫೋನುಗಳಲ್ಲಿ ಎರಡು, ಭೂತಗನ್ನಡಿ ಹಿಡಿದು ಓದುತ್ತಿದ್ದವರವು. ಅಕ್ಷರ ದೊಡ್ಡದಾಗುತ್ತದೆಂಬುದು ಆ ಇಬ್ಬರಿಗೂ ಗೊತ್ತಿರಲಿಲ್ಲ.

ನ್ಯಾಯವಾಗಿ ನೋಡಿದರೆ ಒಳ್ಳೆಯ ಕನ್ನಡವೂ ಅಲ್ಲಲ್ಲಿ ಇದೆ. ಒಂದು ಆ್ಯಪು ನಮ್ಮ ಕ್ಯಾಮೆರಾವನ್ನೋ ನಾವಿರುವ ಜಾಗದ ಗುರುತನ್ನೋ ಬಳಸಲು ಅಪ್ಪಣೆ ಕೇಳಿದಾಗ ‘ಈ ಬಾರಿ ಮಾತ್ರ’ ಎಂದು ಒಂದು ಉತ್ತರ ಬರುತ್ತದೆ, ‘ಆ್ಯಪ್ ಬಳಸುವಾಗ’ ಎಂದು ಇನ್ನೊಂದು. ಎಷ್ಟು ಚೊಕ್ಕವಾಗಿದೆ! ಮನೆಗೆ ಬಂದವರಿಗೆ ಅಂಗಳದ ತನಕ ಬನ್ನಿ, ಇವತ್ತೊಂದು ದಿನ ಬನ್ನಿ ಎಂದು ಹೇಳಿದಂತೆ. ಇದನ್ನು ಬರೆದವರಿಗೆ ಕನ್ನಡವೂ ಗೊತ್ತು, ಒತ್ತುವವರ ಮನಸ್ಸೂ ಗೊತ್ತು. ಅದೇ ಕೈ ಉಳಿದ ಪುಟಗಳ ಮೇಲೆ ಏಕೆ ಆಡಲಿಲ್ಲ ಎಂಬುದೇ ಪ್ರಶ್ನೆ.

ಇದಕ್ಕೆ ಕಾರಣ ಅನುವಾದಕರ ಅಜ್ಞಾನವಲ್ಲ ಎಂದು ನಮ್ಮ ಭಾವನೆ. ಈ ಉದ್ಯೋಗದಲ್ಲಿ ಮಾತುಗಳು ಪಟ್ಟಿಯಾಗಿ ಬರುತ್ತವೆ. ಯಾವ ಪರದೆಯಲ್ಲಿ, ಯಾವ ಮಾತಿನ ಪಕ್ಕದಲ್ಲಿ ಈ ಮಾತು ಕೂರುತ್ತದೆ ಎಂಬುದನ್ನು ಕಾಣದೆ ಒಂದೊಂದನ್ನೇ ಕನ್ನಡಿಸುವುದು ಸಾಮಾನ್ಯ. ಒಬ್ಬರು ‘ಸಂಗ್ರಹ’ ಬರೆದಾಗ ಇನ್ನೊಬ್ಬರು ‘ಸಂಗ್ರಹಣೆ’ ಬರೆದಿದ್ದಾರೆಂಬುದು ಇಬ್ಬರಿಗೂ ತಿಳಿಯದಿರಬಹುದು. ವಾಕ್ಯಗಳ ನಡುವೆ ಆ್ಯಪಿನ ಹೆಸರಿಗೆಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಇಂಗ್ಲಿಷಿಗೆ ಇದು ಸಲ್ಲುತ್ತದೆ. ನಮ್ಮಲ್ಲಿ ಮರವನ್ನು, ಮನೆಯನ್ನು, ಊರನ್ನು ಎಂದು ಪ್ರತ್ಯಯ ನಾಮಪದದ ಜೊತೆ ಬೆಸೆದುಕೊಳ್ಳುತ್ತದೆ. ಯಾವ ಹೆಸರು ಬಂದು ಕೂರುತ್ತದೋ ತಿಳಿಯದಾಗ ‘ಅನ್ನು’ ಎಂಬುದು ಒಂಟಿಯಾಗಿ ದೂರ ನಿಲ್ಲುತ್ತದೆ, ಮದುವೆ ಮನೆಯಲ್ಲಿ ಪರಿಚಯವಿಲ್ಲದ ಬೀಗರಂತೆ. ‘ಅಡಚಣೆ ಮಾಡಬೇಡಿ’ ಎಂಬುದನ್ನು ಓದಿದಾಗ ನಾವು ಫೋನಿಗೆ ಹೇಳುತ್ತಿದ್ದೇವೋ, ಫೋನು ನಮಗೆ ಹೇಳುತ್ತಿದೆಯೋ ಎಂಬ ಅನುಮಾನವೂ ಇದೇ ಮೂಲದಿಂದ ಬಂದದ್ದು. ಯಂತ್ರಕ್ಕೆ ನಾವು ‘ನಿಲ್ಲಿಸು’ ಎನ್ನುತ್ತೇವೆ; ಯಂತ್ರ ನಮಗೆ ‘ನಿಲ್ಲಿಸಿ’ ಎನ್ನಬೇಕು. ಗುಂಡಿಗಳ ಮೇಲೆ ಎಲ್ಲವೂ ಬಹುವಚನವೇ.

2014ರಲ್ಲಿ ಆಂಡ್ರಾಯ್ಡಿನ 5ನೆಯ ಆವೃತ್ತಿಯೊಡನೆ ಕನ್ನಡ ಅದರ ಭಾಷೆಗಳ ಸಾಲಿಗೆ ಸೇರಿತು. ಐಫೋನಿನ ಪರದೆಗೆ ಬಂದದ್ದು 2025ರ ಮಾರ್ಚ್ ಕೊನೆಯಲ್ಲಿ. ತಡವಾದರೂ ಬಂತಲ್ಲ ಎಂದು ಸಂತೋಷಪಟ್ಟವರಲ್ಲಿ ನಾವೂ ಸೇರಿದ್ದೇವೆ. ಅಲ್ಲಿಗೆ ಬರುವ ಮೊದಲು ಕನ್ನಡವನ್ನು ಕಂಪ್ಯೂಟರಿಗೆ ತರಲು ದುಡಿದವರು ಅನೇಕರು. ಬೆರಳಚ್ಚಿಗೆ ಸುಲಭವಾದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾಯರು ನಮ್ಮ ಮುಂಬಯಿಯಲ್ಲೇ ಬಹುಕಾಲ ಕೆಲಸ ಮಾಡಿದವರೆಂಬುದು ಇಲ್ಲಿನ ಹಳಬರಿಗೆ ಗೊತ್ತಿರುವ ವಿಷಯ. ಅಕ್ಷರ ಮೂಡುವಂತೆ ಮಾಡುವ ಕಷ್ಟದ ಕೆಲಸ ಮುಗಿದಿದೆ. ಮೂಡಿದ ಅಕ್ಷರಕ್ಕೆ ಅರ್ಥವಿರುವಂತೆ ನೋಡಿಕೊಳ್ಳುವ ಕೆಲಸ ಉಳಿದಿದೆ.

ಈ ವಿಷಯ ಸಂಘದಲ್ಲಿ ಚರ್ಚೆಗೆ ಬಂದಾಗ ಒಂದು ಪಕ್ಷದವರು, ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡರೆ ಪೀಡೆ ತಪ್ಪಿತು ಎಂದರು. ಈ ಮಾತನ್ನು ನಾವು ಸುಲಭವಾಗಿ ತಳ್ಳಿಹಾಕಲಾರೆವು. ಹೊರನಾಡಿನ ನಮ್ಮ ಮನೆಗಳ ಸ್ಥಿತಿ ಬೇರೆ. ಇಲ್ಲಿ ಕನ್ನಡ ಓದುವವರು ಅಜ್ಜ ಅಜ್ಜಿ. ಫೋನನ್ನು ಸರಿಮಾಡುವವರು ಮೊಮ್ಮಕ್ಕಳು. ಮೊಮ್ಮಗನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವನು ಪುಣೆಯಿಂದಲೋ ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಇಂಗ್ಲಿಷ್ ಹೆಸರು ಹೇಳಿ ಇದನ್ನು ಒತ್ತು ಎನ್ನುತ್ತಾನೆ. ಅಜ್ಜಿಯ ಪರದೆಯ ಮೇಲೆ ಅದು ಇಲ್ಲ. ಓಣಿಯ ರಿಪೇರಿ ಅಂಗಡಿಯ ಹುಡುಗನಿಗೆ ಮರಾಠಿ, ಹಿಂದಿ ಬರುತ್ತದೆ. ಅವನು ಕನ್ನಡದ ಫೋನನ್ನು ಕೈಗೆ ಕೊಟ್ಟ ಕೂಡಲೇ ಮಾಡುವ ಮೊದಲ ಕೆಲಸ ಭಾಷೆಯನ್ನು ಇಂಗ್ಲಿಷಿಗೆ ತಿರುಗಿಸುವುದು, ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸುವುದು ಅವನಿಗೆ ನೆನಪಿರುವುದಿಲ್ಲ. ಹೀಗೆ ಎಷ್ಟೋ ಮನೆಗಳಲ್ಲಿ ಫೋನಿನ ಕನ್ನಡ ಸದ್ದಿಲ್ಲದೆ ಹೋಗಿದೆ. ಹೋದಮೇಲೆ ಅಜ್ಜಿ ಪರದೆಯನ್ನು ಓದುವುದನ್ನೇ ಬಿಟ್ಟು, ಹಸಿರು ಗುಂಡಿ ಎಲ್ಲಿ, ಕೆಂಪು ಗುಂಡಿ ಎಲ್ಲಿ ಎಂದು ಬಣ್ಣ ನೋಡಿ ಒತ್ತಲು ತೊಡಗುತ್ತಾಳೆ. ಅಕ್ಷರಸ್ಥೆಯೊಬ್ಬಳನ್ನು ನಾವು ಮನೆಯೊಳಗೇ ನಿರಕ್ಷರಿ ಮಾಡಿದಂತಾಯಿತು. ಆ ಪಕ್ಷದವರು ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನೊಂದು ಪಕ್ಷದವರು ಅಚ್ಚಗನ್ನಡದ ಪದಗಳನ್ನು ಕಟ್ಟಿ ಆ್ಯಪು, ಬ್ಯಾಟರಿ, ವೈ-ಫೈಗಳನ್ನೆಲ್ಲ ಹೊರಗಟ್ಟಬೇಕೆಂದರು. ನಮಗೆ ಅದೂ ಒಪ್ಪಿಗೆಯಿಲ್ಲ. ರೈಲು, ಟಿಕೀಟು, ಸ್ಟೇಷನ್ನುಗಳನ್ನು ಜೀರ್ಣಿಸಿಕೊಂಡ ಭಾಷೆಗೆ ಆ್ಯಪು ಭಾರವಲ್ಲ. ‘ಟವರ್ ಸಿಗ್ತಾ ಇಲ್ಲ’, ‘ನೆಟ್ ಬರ್ತಿಲ್ಲ’, ‘ಹ್ಯಾಂಗ್ ಆಗಿದೆ’ ಎಂದು ಜನ ಆಡುವ ಮಾತಿನಲ್ಲಿ ಗೊಂದಲವೇ ಇಲ್ಲ. ಬಿ. ಜಿ. ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತ, ನಮ್ಮಂತೆಯೇ ಹೊರನಾಡಿನಲ್ಲಿದ್ದು, ಗಿಡಮರಗಳ ಶಾಸ್ತ್ರವನ್ನು ಕನ್ನಡದಲ್ಲಿ ಬರೆದರು. ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಲ್ಲಿ ಸಸ್ಯಗಳ ಶಾಸ್ತ್ರೀಯ ನಾಮಗಳು ಬರುತ್ತವೆ, ಹಳ್ಳಿಯ ಹೆಸರುಗಳೂ ಬರುತ್ತವೆ. ಓದುವವನಿಗೆ ಗಿಡ ಕಣ್ಣಿಗೆ ಕಟ್ಟುವುದು ಮುಖ್ಯವಾಗಿತ್ತೇ ಹೊರತು ಪದದ ಕುಲಗೋತ್ರವಲ್ಲ. ಫೋನಿನ ಕನ್ನಡಕ್ಕೂ ನಾವು ಕೇಳುವುದು ಅದನ್ನೇ. ಹೆಸರು ಎಲ್ಲಿಂದಲಾದರೂ ಬರಲಿ, ಇದನ್ನು ಒತ್ತಿದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದು ಗುಂಡಿಯ ಮೇಲೆಯೇ ಕಾಣಬೇಕು.

ಕಾಕು ಅವರ ಮನೆಗೆ ನಾವು ಹೋದದ್ದು ಆ ಘಟನೆಯಾದ ಎಂಟು ದಿನದ ಮೇಲೆ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆವು. ಅವರು ಅವಲಕ್ಕಿ ಮುಂದಿಟ್ಟು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಬದಲಿಗೆ ಆ ಎರಡು ಗುಂಡಿಗಳಿಗೆ ಏನು ವ್ಯತ್ಯಾಸ ಹೇಳು ಎಂದು ಕೇಳಿದರು. ಮೇಲೆ ಬರೆದ ವಿವರಣೆಯನ್ನೆಲ್ಲ ಹೇಳಿದೆವು. ಪೂರ್ತಿ ಕೇಳಿ, “ಹಂಗಂದ್ರ ಒಂದು ಒಲಿ ಮುಂದಿನ ಮಸಾಲಿ ಡಬ್ಬಿ, ಇನ್ನೊಂದು ಉಗ್ರಾಣ” ಎಂದರು. “ಡಬ್ಬಿ ತೊಳೀರಿ ಅಂದಿದ್ರ ತೊಳೀತಿದ್ದೆ. ಉಗ್ರಾಣ ಖಾಲಿ ಮಾಡ್ರಿ ಅಂದಿದ್ರ, ಯಾಕೋ ಅಂತ ಕೇಳ್ತಿದ್ದೆ.”

ಆ ಕಂಪನಿಗಳಲ್ಲಿ ಕುಳಿತು ಪದ ಹುಡುಕುವವರಿಗೆ ಈ ಎರಡು ವಾಕ್ಯವನ್ನು ಯಾರಾದರೂ ತಲುಪಿಸಿಯಾರೇ?

ಹೋದ ಹಾಡುಗಳ ಪೈಕಿ ಈವರೆಗೆ ಅರವತ್ತಮೂರು ಮರಳಿ ದೊರೆತಿವೆ. ಕೆಲವು ಕಾಕು ಅವರ ನೆನಪಿನಿಂದ, ಕೆಲವು ಮಹಿಳಾ ವಿಭಾಗದ ಇತರರು ಅವರಿಂದಲೇ ಕಲಿತು ಹಾಡುತ್ತಿದ್ದುದರಿಂದ, ಎರಡು ಹಾಡು ಹುಬ್ಬಳ್ಳಿಯಲ್ಲಿರುವ ಅವರ ತಂಗಿಯಿಂದ. ಈ ಸಲ 200 ಪುಟದ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಾರೆ. ಬರೆದ ಪುಟದ ಚಿತ್ರವನ್ನು ತೆಗೆದು ಮೊಮ್ಮಗನಿಗೂ ನಮಗೂ ಕಳಿಸುತ್ತಾರೆ. ಫೋನಿನ ಭಾಷೆಯನ್ನು ಇಂಗ್ಲಿಷಿಗೆ ಬದಲಾಯಿಸಲು ಮಾತ್ರ ಬಿಟ್ಟಿಲ್ಲ. ಏನಾದರೂ ತೊಡಕಾದಾಗ ಈಗಲೂ ನಮಗೇ ಕರೆ ಮಾಡುತ್ತಾರೆ. ಪರದೆಯ ಮೇಲಿದ್ದದ್ದನ್ನು ಮೊದಲಿನಿಂದ ಕೊನೆಯವರೆಗೆ, ‘ರದ್ದುಮಾಡಿ’, ‘ಸರಿ’ ಎಂಬುದರ ತನಕ, ಗಟ್ಟಿಯಾಗಿ ಓದುತ್ತಾರೆ. ನಾವು ನಡುವೆ ಬಾಯಿ ಹಾಕುವುದಿಲ್ಲ.

ಉರುಟಣೆ ಹಾಡುಗಳು ಹೆಚ್ಚಾಗಿ ಸಿಕ್ಕಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಉರುಟಣೆ ಹಾಡುಗಳನ್ನು ಬಲ್ಲ ಸದಸ್ಯೆಯರು ಮಹಿಳಾ ವಿಭಾಗಕ್ಕೆ ತಿಳಿಸಬೇಕಾಗಿ ವಿನಂತಿ.